ಸ್ವಲ್ಪ ದಿನ ಮಾತು ಕಷ್ಟ ಆಗಬಹುದು

ಕ್ಯಾನ್ಸರ್ ರೋಗಿಗಳ ಮನಸ್ಸಿನ ಆರೈಕೆಯಲ್ಲಿ ಮಾಡಿದ ಸಾಧನೆಗೆ ನನ್ನನ್ನು ಸನ್ಮಾನಿಸುತ್ತಾರೆಂಬ ಪತ್ರ ಬಂದಾಗ ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿನ್ನುತ್ತಿದ್ದೆ. ಪತ್ರ ತಂದುಕೊಟ್ಟ ಗುಮಾಸ್ತರು ಅದನ್ನು ಆಗಲೇ ಓದಿಬಿಟ್ಟಿದ್ದರು. ಪಕ್ಕದ ಮೇಜಿನಲ್ಲಿದ್ದ ನರ್ಸ್‌ಗಳಿಗೆಲ್ಲ ಸುದ್ದಿ ಹೇಳಿ, ಮೇಡಂ ಸಿಹಿ ಕೊಡಿಸಬೇಕು ಅಂದರು. ಆಯ್ತು ಅಂದು ನಕ್ಕೆ. ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಧ್ವನಿ ಕಳೆದುಕೊಳ್ಳುವವರಿಗಾಗಿ ನಾನು ‘ರೂಪಿಸಿದ’ ಕ್ರಮವನ್ನು ಪತ್ರದ ಎರಡನೇ ಪ್ಯಾರಾದಲ್ಲಿ ಹೊಗಳಿದ್ದರು. ಆ ಸಾಲು ಓದಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಆ ಕ್ರಮ ಹುಟ್ಟಿದ್ದು ನಾನು ಹೇಳಿದ ಒಂದು ಅರ್ಧ ಸುಳ್ಳಿನಿಂದ. ಆ ಮಾತನ್ನು ನಂಬಿದ ಮನುಷ್ಯ ದೊಡ್ಡಬಳ್ಳಾಪುರದಲ್ಲಿ, ನಾನು ದಿನಾ ಬಸ್ಸು ಹತ್ತುವ ಜಾಗದಿಂದ ಹತ್ತು ನಿಮಿಷ ನಡೆದರೆ ಸಿಗುವ ಬೀದಿಯಲ್ಲಿ ಇದ್ದಾರೆ.

ನಾನು ತೂಬಗೆರೆ ಕಡೆಯವಳು. ಮದುವೆಯಾದ ಮೇಲೆ ದೊಡ್ಡಬಳ್ಳಾಪುರದಲ್ಲಿ ನೆಲೆಸಿದೆ. ದೇವನಹಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಟ್ರಸ್ಟು ನಡೆಸುವ ಕ್ಯಾನ್ಸರ್ ಆಸ್ಪತ್ರೆಯಿದೆ. ಹದಿಮೂರು ವರ್ಷಗಳಿಂದ ಅಲ್ಲಿ ಆಪ್ತಸಮಾಲೋಚಕಿ. ಕಾಯಿಲೆಯ ಸುದ್ದಿ ಕೇಳಿ ಕುಸಿದವರ ಜೊತೆ ಕೂರುವುದು, ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಹೋಗುತ್ತೇನೆ ಅನ್ನುವವರ ಮಾತು ಕೇಳುವುದು, ಆಪರೇಷನ್‌ಗೆ ಮೊದಲು ಮುಂದೆ ಏನಾಗುತ್ತದೆಂದು ತಿಳಿಸಿ ಹೇಳುವುದು ನನ್ನ ಕೆಲಸ. ಹಳ್ಳಿಗಳಿಂದ ಬಂದವರು ನನ್ನ ಹುದ್ದೆಯ ಉದ್ದ ಹೆಸರನ್ನು ಬಿಟ್ಟು ‘ಮಾತಾಡೋ ಮೇಡಂ’ ಎಂದು ಕರೆಯುತ್ತಾರೆ. ಮೊದಮೊದಲು ಡಾಕ್ಟರುಗಳಿಗೂ ನಾನು ಯಾತಕ್ಕೆ ಇದ್ದೇನೆಂದು ತಿಳಿಯುತ್ತಿರಲಿಲ್ಲ. ಯಾರಾದರೂ ಜೋರಾಗಿ ಅತ್ತರೆ ಕರೆಸುತ್ತಿದ್ದರು. ಅಳದೆ ಸುಮ್ಮನೆ ಮಲಗಿರುವವರಿಗಾಗಿ ಯಾರೂ ಕರೆಸುತ್ತಿರಲಿಲ್ಲ.

ನನ್ನ ಕೋಣೆಗೆ ರೋಗಿಗಿಂತ ಮೊದಲು ಮನೆಯವರು ಬರುತ್ತಾರೆ. ಬಾಗಿಲು ಮುಂದಕ್ಕೆ ತಳ್ಳಿ, ದನಿ ತಗ್ಗಿಸಿ, ಅವರಿಗೆ ಹೇಳಬೇಡಿ ಅನ್ನುತ್ತಾರೆ. ಇದು ನನಗೆ ಹೊಸದಲ್ಲ. ನಾನು ಪಿಯುಸಿ ಓದುವಾಗ ಅಮ್ಮನಿಗೆ ಗರ್ಭಕೋಶದಲ್ಲಿ ಕ್ಯಾನ್ಸರ್ ಆಗಿತ್ತು. ಮನೆಯಲ್ಲಿ ಯಾರೂ ಆ ಹೆಸರು ಎತ್ತಲಿಲ್ಲ. ಅಮ್ಮನಿಗೆ ‘ಹೊಟ್ಟೆ ಹುಣ್ಣು’ ಎಂದೇ ಹೇಳಿದ್ದೆವು. ಅಮ್ಮ ಆ ಹುಣ್ಣಿಗೆಂದೇ ಮಜ್ಜಿಗೆ ಕುಡಿಯುತ್ತಾ, ಖಾರ ಬಿಟ್ಟು, ಏಳು ತಿಂಗಳು ಬದುಕಿದ್ದಳು. ನಾವು ಮಾಡಿದ್ದು ಸರಿಯೋ ತಪ್ಪೋ ಎಂದು ಆಗ ಯಾರೂ ಯೋಚಿಸಲಿಲ್ಲ. ಆಮೇಲೆ ಓದಿದ್ದು, ಕಲಿತದ್ದು ಎಲ್ಲವೂ ರೋಗಿಗೆ ತಿಳಿದುಕೊಳ್ಳುವ ಹಕ್ಕಿದೆ ಎಂದೇ ಹೇಳಿದವು. ಆದರೂ ಮನೆಯವರು ಕೈ ಮುಗಿದು ನಿಂತಾಗ ನನ್ನೊಳಗಿನ ಪಿಯುಸಿ ಹುಡುಗಿ ತಲೆಯಾಡಿಸಿಬಿಡುತ್ತಿದ್ದಳು.

ಆ ಮನುಷ್ಯ ಬಂದದ್ದು ಐದಾರು ವರ್ಷಗಳ ಹಿಂದೆ. ವಿದ್ಯುತ್ ಮಗ್ಗದಲ್ಲಿ ಸೀರೆ ನೇಯುವವರು, ಐವತ್ತು ಮುಟ್ಟಿರಲಿಲ್ಲ. ದನಿ ಒಡೆದು ಎಂಟು ತಿಂಗಳಾಗಿತ್ತು. ನೆಗಡಿ, ಧೂಳು ಅಂದುಕೊಂಡು ಕಷಾಯ ಕುಡಿದಿದ್ದರು. ನುಂಗಲು ಕಷ್ಟವಾದ ಮೇಲೆ ನಮ್ಮಲ್ಲಿಗೆ ಬಂದರು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯದೆ ಬೇರೆ ದಾರಿಯಿಲ್ಲ ಎಂದು ಸರ್ಜನ್ ತೀರ್ಮಾನಿಸಿದರು. ತೆಗೆದ ಮೇಲೆ ಕತ್ತಿನ ಬುಡದಲ್ಲಿ ಮಾಡಿದ ತೂತಿನಿಂದ ಉಸಿರಾಡಬೇಕು. ಬಾಯಿಂದ ದನಿ ಹೊರಡುವುದಿಲ್ಲ. ಸರ್ಜನ್ ಅವರಿಗೆ ‘ಗಡ್ಡೆ ಪೂರ್ತಿ ತೆಗೀತೀವಿ’ ಎಂದಷ್ಟೇ ಹೇಳಿ, ಮಿಕ್ಕಿದ್ದನ್ನು ಮೇಡಂ ಹೇಳ್ತಾರೆ ಎಂದು ನನ್ನ ಕೋಣೆಗೆ ಕಳುಹಿಸಿದರು.

ಅವರಿಗಿಂತ ಮೊದಲು ಅವರ ಅಣ್ಣ ಬಂದರು. ಅಪ್ಪ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿ, ಮಗ್ಗ ಕಲಿಸಿದ್ದು ಇವರೇ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಮೇಡಂ, ಮಾತು ಹೋಗ್ತದೆ ಅಂದ್ರೆ ಅವ್ನು ಒಪ್ಪಲ್ಲ. ಎದ್ದು ಮನೆಗೆ ಬಂದ್ಬಿಡ್ತಾನೆ. ಮೊದ್ಲು ಜೀವ ಉಳೀಲಿ. ಆಮೇಲೆ ನಾನೇ ಹೇಳ್ಕೊತೀನಿ,” ಅಂದರು.

ನಾನು ನಿಯಮ ಹೇಳಿದೆ. ಅವರು ಕೇಳಿಸಿಕೊಂಡು, ನಿಮ್ಮ ತಮ್ಮನಾಗಿದ್ದರೆ ಏನು ಮಾಡುತ್ತಿದ್ದಿರಿ ಅಂದರು. ನಾನು ತಲೆಯಾಡಿಸಿ, ಅವರನ್ನು ಒಳಗೆ ಕಳುಹಿಸಿ ಅಂದೆ. ಆ ದಿನ ಹೊರಗೆ ಇನ್ನೂ ಒಂಬತ್ತು ಜನ ಕಾದಿದ್ದರು. ಅದು ನೆಪವಲ್ಲ, ಆದರೆ ಇದ್ದದ್ದು ನಿಜ.

ತಮ್ಮ ಒಳಗೆ ಬಂದು ಕೂತಾಗ ಮೊದಲು ಕೇಳಿದ್ದೇ ಅದನ್ನು. ಒಡಕು ದನಿಯಲ್ಲಿ, ಒಂದೊಂದು ಪದಕ್ಕೂ ಉಸಿರು ಸೇರಿಸಿಕೊಂಡು ಕೇಳಿದರು: “ಗಂಟ್ಲು ಸರಿ ಹೋಗ್ತದಾ ಮೇಡಂ?”

“ಸ್ವಲ್ಪ ದಿನ ಮಾತು ಕಷ್ಟ ಆಗಬಹುದು ಅಣ್ಣ. ಯೋಚ್ನೆ ಮಾಡಬೇಡಿ,” ಅಂದೆ.

ಅವರ ಮುಖ ಸಡಿಲವಾಯಿತು. ಅಷ್ಟೇನಾ ಅನ್ನುವಂತೆ ತಲೆಯಾಡಿಸಿ ಎದ್ದುಹೋದರು. ಒಪ್ಪಿಗೆಯ ಕಾಗದದಲ್ಲಿ ಧ್ವನಿಪೆಟ್ಟಿಗೆ ತೆಗೆಯುವ ವಿಷಯ ಅಚ್ಚಾಗಿಯೇ ಇತ್ತು. ಅವರು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು. ರುಜು ಮಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನರ್ಸ್ ಬೆರಳಿಟ್ಟು ತೋರಿಸಿದ ಕಡೆಯೆಲ್ಲ ರುಜು ಹಾಕಿದರು.

ಆಪರೇಷನ್ ಚೆನ್ನಾಗಿಯೇ ಆಯಿತು. ನಾಲ್ಕನೇ ದಿನ ವಾರ್ಡಿಗೆ ಹೋದೆ. ಅವರು ದಿಂಬಿಗೆ ಒರಗಿ ಕೂತಿದ್ದರು, ಕತ್ತಿನಲ್ಲಿ ಕೊಳವೆ. ನನ್ನನ್ನು ಕಂಡದ್ದೇ ಗೋಡೆಯ ಕಡೆಗೆ ತಿರುಗಿಕೊಂಡರು. ಅಣ್ಣ ಹೇಳುತ್ತೇನೆ ಅಂದಿದ್ದವರು ಹೇಳಿರಲಿಲ್ಲ. ಊರಿಗೆ ಹೋದವರು ಎರಡು ದಿನದಿಂದ ಬಂದೇ ಇರಲಿಲ್ಲ. ಡ್ರೆಸಿಂಗ್ ಬದಲಿಸಲು ಬಂದ ಒಬ್ಬ ನರ್ಸ್, ಇವರಿಗೆ ಗೊತ್ತಿದೆ ಎಂದುಕೊಂಡು, ಇನ್ನು ಮೇಲೆ ಮಾತು ಬರಲ್ಲವಲ್ಲ, ಒಂದು ಸ್ಲೇಟು ತಂದುಕೊಳ್ಳಿ ಅಂದಿದ್ದಳಂತೆ. ಹೀಗೆ ತಿಳಿಯಿತು ಅವರಿಗೆ.

ಮುಂದಿನ ಮೂರು ದಿನವೂ ಹೋದೆ. ಮೂರು ದಿನವೂ ಗೋಡೆ ನೋಡಿದರು. ಖಿನ್ನತೆ ಇದೆ, ಸಹಕರಿಸುತ್ತಿಲ್ಲ, ಸ್ಲೇಟು ಬಳಸುತ್ತಿಲ್ಲ ಎಂದು ಫೈಲಿನಲ್ಲಿ ಬರೆದೆ. ಬರೆಯಲು ಬಾರದವರಿಗೆ ಸ್ಲೇಟು ಕೊಟ್ಟಿದ್ದೇವೆಂಬುದು ಕೂಡ ನನಗೆ ಹೊಳೆಯಲಿಲ್ಲ. ಮನಸ್ಸನ್ನು ಅರಿಯುವುದು ನನ್ನ ಕಸುಬು ಎಂದು ಹೇಳಿಕೊಳ್ಳುವವಳು ನಾನು.

ಎಂಟನೇ ದಿನ ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ನಿಂತೆ. ಅವರ ಹೆಂಡತಿ ಎದುರಿನ ಸ್ಟೂಲಿನ ಮೇಲೆ ಕೂತಿದ್ದರು. ಇಬ್ಬರೂ ಮಾತಾಡುತ್ತಿದ್ದರು. ಹಾಗೆಂದರೆ ಸದ್ದಿರಲಿಲ್ಲ, ಆದರೆ ಮಾತಿತ್ತು. ಅವರು ತುಟಿ ಆಡಿಸುತ್ತಿದ್ದರು, ಎರಡು ಬೆರಳು ಎತ್ತುತ್ತಿದ್ದರು, ಹುಬ್ಬು ಗಂಟಿಕ್ಕುತ್ತಿದ್ದರು. ಹೆಂಡತಿ ನೋಡಿ, ತಾನೂ ದನಿಯಿಲ್ಲದೆ ತುಟಿಯಲ್ಲೇ ಉತ್ತರ ಕೊಡುತ್ತಿದ್ದರು. ಒಂದು ಸಲ ಇಬ್ಬರೂ ನಕ್ಕರು. ಆ ಮನುಷ್ಯ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನನ್ನು ಕಂಡು ನಗು ನಿಂತಿತು.

ಹೆಂಡತಿಯನ್ನು ಹೊರಗೆ ಕರೆದು ಕೇಳಿದೆ. ಅವರಿಗೆ ನನ್ನ ಆಶ್ಚರ್ಯವೇ ಆಶ್ಚರ್ಯ.

“ಇಪ್ಪತ್ತೆರಡು ವರ್ಷ ಎದುರುಬದುರು ಮಗ್ಗ ಓಡ್ಸಿದೀವಿ ಮೇಡಂ. ಆ ಸದ್ದಲ್ಲಿ ಕೂಗಿದ್ರೂ ಕೇಳ್ಸಲ್ಲ. ಜಗಳಾನೂ ಹಿಂಗೇ ಆಡಿದೀವಿ,” ಅಂದರು.

ಅವರ ಬೀದಿಯಲ್ಲಿ ಮನೆಗೆರಡು ಮೂರು ಮಗ್ಗ. ಬೆಳಗಿನಿಂದ ಕತ್ತಲಾಗುವವರೆಗೆ ಲಾಳಿ ಬಡಿಯುವ ಸದ್ದು ನೆಲವನ್ನೇ ನಡುಗಿಸುತ್ತದೆ. ನಾನು ದಿನಾ ಅದರ ಪಕ್ಕದಲ್ಲೇ ಓಡಾಡುವವಳು. ಅಷ್ಟು ಸದ್ದಿನೊಳಗೆ ಜನ ಹೇಗೆ ಮಾತಾಡಿಕೊಳ್ಳುತ್ತಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅವರಿಬ್ಬರ ಜೊತೆ ನಾನೂ ಕೂರಬಹುದೇ ಎಂದು ಕೇಳಿದೆ. ಹೆಂಡತಿ ಗಂಡನನ್ನು ಕೇಳಿಬಂದು, ಆಗಲಿ ಅಂದರು. ಕೂತೆ. ಅವರು ಮೊದಲ ಸಲ ನನ್ನ ಕಣ್ಣನ್ನು ನೋಡಿ ತುಟಿ ಆಡಿಸಿದರು. ಹೆಂಡತಿ ಸೆರಗಿನ ತುದಿ ಸರಿಮಾಡಿಕೊಂಡರು, ಗಂಡನ ಕಡೆ ನೋಡಿದರು. ಅವರು ಇನ್ನೊಮ್ಮೆ ಅದನ್ನೇ ಹೇಳಿದರು.

“ನಿಮಗೆ ಗೊತ್ತಿತ್ತಾ ಅಂತ ಕೇಳ್ತಾವ್ರೆ ಮೇಡಂ.”

ಅಣ್ಣನ ಹೆಸರು ಹೇಳಿ ಜಾರಿಕೊಳ್ಳಬಹುದಿತ್ತು. ಸರ್ಜನ್ ಹೇಳಬೇಕಿತ್ತು ಅನ್ನಬಹುದಿತ್ತು. ಎರಡೂ ನಾಲಗೆಯ ತುದಿಗೆ ಬಂದದ್ದು ನೆನಪಿದೆ. “ಗೊತ್ತಿತ್ತು ಅಣ್ಣ. ಗೊತ್ತಿದ್ದೂ ಹೇಳಲಿಲ್ಲ. ತಪ್ಪು ಮಾಡಿದೆ,” ಅಂದೆ.

ಅವರು ದಿಂಬಿನಿಂದ ಮುಂದಕ್ಕೆ ಬಾಗಿದರು. ಆಮೇಲೆ ಹೇಳಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಹೆಂಡತಿ ತುಂಡು ತುಂಡಾಗಿ ನನಗೆ ದಾಟಿಸಿದರು. ಅವರಿಗೆ ಒಬ್ಬಳೇ ಮಗಳು. ಎರಡು ವರ್ಷದ ಹಿಂದೆ ಬೇರೆ ಜಾತಿಯ ಹುಡುಗನನ್ನು ಇಷ್ಟಪಟ್ಟು ರಿಜಿಸ್ಟರ್ ಮದುವೆಯಾಗಿದ್ದಳು. ಹೊಸಕೋಟೆಯಲ್ಲಿ ಇಬ್ಬರಿಗೂ ಕೆಲಸ. ಮದುವೆಯಾಗಿ ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ನಿಂತು, ಇನ್ನು ಈ ಹೊಸಿಲು ತುಳಿಯಬೇಡ ಅಂದಿದ್ದರು. ಆಮೇಲೆ ಮಾತಿಲ್ಲ. ಕಾಯಿಲೆ ಗೊತ್ತಾದ ಮೇಲೆ ಅವರಿಗೆ ಮಗಳ ಜೊತೆ ಮಾತಾಡಬೇಕೆನ್ನಿಸಿತ್ತು. ಹೆಂಡತಿ ನಂಬರು ಒತ್ತಿ ಫೋನು ಕೈಗೆ ಕೊಡಲು ಬಂದಾಗ, ಈ ಒಡಕು ದನಿಯಲ್ಲಿ ಬೇಡ, ಕೇಳಿ ಹೆದರಿಕೊಳ್ಳುತ್ತಾಳೆ, ಆಪರೇಷನ್ ಆಗಿ ಗಂಟಲು ಸರಿಯಾದ ಮೇಲೆ ಮಾತಾಡುತ್ತೇನೆ ಅಂದಿದ್ದರು.

ಅದು ನನ್ನ ಕೋಣೆಯಿಂದ ಎದ್ದುಹೋದ ದಿನ ಸಾಯಂಕಾಲ ನಡೆದದ್ದು. ನಾನು ಹೇಳಿದ ‘ಸ್ವಲ್ಪ ದಿನ’ವನ್ನು ನಂಬಿ ಅವರು ಕಾದಿದ್ದರು. ಮಗಳ ಕಿವಿಯಲ್ಲಿ ಉಳಿದದ್ದು ಹೊಸಿಲಿನ ಮಾತು ಒಂದೇ.

ಫೋನು ಮಾಡೋಣ ಎಂದು ನಾನೇ ಒತ್ತಾಯ ಮಾಡಿದೆ. ಹೆಂಡತಿಗೆ ಮನಸ್ಸಿರಲಿಲ್ಲ, ಮಗಳಿಗೆ ಈಗ ಏಳು ತಿಂಗಳು ಅಂದರು. ಅಪ್ಪನಿಗೆ ಆಪರೇಷನ್ ಆಗಿದೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ನಾನು, ಮುಖ ನೋಡಿದರೆ ಇಬ್ಬರಿಗೂ ಸಮಾಧಾನ ಆಗುತ್ತದೆ, ಮೊದಲು ನೀವು ವಿಷಯ ಹೇಳಿ ಆಮೇಲೆ ಅವರಿಗೆ ಕೊಡಿ ಅಂದೆ. ಅವರು ವಿಡಿಯೋ ಕರೆ ಮಾಡಿದರು. ಮಗಳ ಮುಖ ಪರದೆಯಲ್ಲಿ ಬಂದದ್ದೇ, ತಾಯಿ ಒಂದು ಮಾತು ಆಡುವುದರೊಳಗೆ ಅಪ್ಪ ಕೈ ಚಾಚಿ ಫೋನು ತೆಗೆದುಕೊಂಡುಬಿಟ್ಟರು. ಟವಲಿನಲ್ಲಿ ಕತ್ತು ಮುಚ್ಚಿಕೊಂಡಿದ್ದರು. ಮಗಳನ್ನೇ ನೋಡುತ್ತಾ ತುಟಿ ಆಡಿಸತೊಡಗಿದರು.

“ಅಪ್ಪಾ, ಕೇಳಿಸ್ತಿಲ್ಲ,” ಅಂದಳು ಮಗಳು. ಅವರು ಮತ್ತೆ ಹೇಳಿದರು. ಅವಳು ಅಳುತ್ತಲೇ ನಗುತ್ತಿದ್ದಳು. “ಅಪ್ಪಾ, ಮ್ಯೂಟ್ ಆಗೈತೆ ನೋಡಿ. ಅಮ್ಮನಿಗೆ ಕೊಡಿ, ಅಮ್ಮ ತೆಗೀತಾರೆ.”

ಅವರು ಹೇಳುತ್ತಲೇ ಇದ್ದರು. ಹೆಂಡತಿ ಫೋನು ತೆಗೆದುಕೊಂಡು ಕಾರಿಡಾರಿಗೆ ಹೋದರು. ಅಲ್ಲಿಂದ ಅವರ ದನಿ ಕೇಳಿಸುತ್ತಿತ್ತು, ಮೆಲ್ಲಗೆ, ಒಂದೇ ಸಮನೆ. ನಾನು ಹಾಸಿಗೆಯ ಪಕ್ಕದಲ್ಲಿ ಉಳಿದೆ. ಹದಿಮೂರು ವರ್ಷದಲ್ಲಿ ಎಷ್ಟೋ ಜನರ ಪಕ್ಕ ಕೂತಿದ್ದೇನೆ. ಅಲ್ಲಿಂದ ಎದ್ದು ಓಡಿಹೋಗಬೇಕೆಂದು ಅನ್ನಿಸಿದ್ದು ಆ ದಿನ ಮಾತ್ರ. ಅವರು ಗೋಡೆಯ ಕಡೆ ತಿರುಗಿಕೊಂಡರು. ಹಾಗೆ ತಿರುಗಿದವರ ಭುಜ ಅಲುಗುತ್ತಿತ್ತು; ಅಳುವಿಗೂ ಸದ್ದಿರಲಿಲ್ಲ.

ಮಾರನೆಯ ದಿನ ಸರ್ಜನ್ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಅವರು ಕಾಗದದಲ್ಲಿ ರುಜು ಇದೆಯಲ್ಲ ಅಂದರು. ಇದೆ ಅಂದೆ. ಅವರು ಕೆಟ್ಟ ಮನುಷ್ಯರಲ್ಲ. ವಾರಕ್ಕೆ ಎಷ್ಟೋ ಗಂಟಲು ನೋಡುವವರು. ಏನು ಮಾಡಬೇಕು ಹೇಳಿ ಅಂದರು. ಇನ್ನು ಮುಂದೆ ಧ್ವನಿಪೆಟ್ಟಿಗೆ ತೆಗೆಯುವುದಿದ್ದರೆ ರೋಗಿಗೆ ನಾನೇ ನೇರವಾಗಿ ಹೇಳುತ್ತೇನೆ, ಹೇಳಿದ ಮೇಲೆ ಒಂದು ವಾರವಾದರೂ ಬಿಟ್ಟು ಆಪರೇಷನ್ ಇಟ್ಟುಕೊಳ್ಳಿ ಅಂದೆ. ಆ ವಾರದಲ್ಲಿ ಅವರು ಯಾರ ಹತ್ತಿರ ಏನು ಮಾತಾಡಬೇಕೋ ಆಡಿ ಬರಲಿ. ಕಾಯಿಲೆ ಹೆಚ್ಚಾಗದಷ್ಟು ದಿನ ಮಾತ್ರ ಎಂದು ಅವರು ಒಪ್ಪಿದರು.

ಹೆಂಡತಿಯನ್ನು ಇನ್ನೊಂದು ಕೇಳಿದೆ. ಹೀಗೆ ದನಿ ಹೋದವರ ಮನೆಯವರಿಗೆ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿಸಿಕೊಡುತ್ತೀರಾ ಅಂದೆ. ಕೇಳಲು ನನಗೆ ಯೋಗ್ಯತೆಯಿರಲಿಲ್ಲ. ಅವರು ಎರಡು ವಾರ ಉತ್ತರ ಹೇಳಲಿಲ್ಲ. ಆಮೇಲೆ ಬಂದು, “ಬರ್ತೀನಿ ಮೇಡಂ. ನಿಮ್ಗೋಸ್ಕರ ಅಲ್ಲ,” ಅಂದರು.

ವಾರಕ್ಕೊಂದು ದಿನ ಮಗ್ಗ ಬಿಟ್ಟು ಬರುತ್ತಿದ್ದರು. ತೆಲುಗು ಬೆರೆತ ಅವರ ಕನ್ನಡದಲ್ಲಿ ಪಾಠವೇನೂ ಇರುತ್ತಿರಲಿಲ್ಲ. ಫ್ಯಾನು, ಟಿ.ವಿ., ರೇಡಿಯೋ ಎಲ್ಲ ಜೋರಾಗಿ ಹಾಕಿಸಿ, ಈಗ ನಿಮ್ಮ ಯಜಮಾನರ ಹತ್ತಿರ ಸಾರಿಗೆ ಉಪ್ಪು ಸಾಕಾ ಅಂತ ಕೇಳಿ ಅನ್ನುತ್ತಿದ್ದರು. ಜನ ಕಿವಿಯನ್ನು ಮರೆತು ಮುಖ ನೋಡುವುದನ್ನು ಕಲಿಯುತ್ತಿದ್ದರು. ಯಂತ್ರ ಹಿಡಿದು ಮಾತಾಡುವುದು, ದನಿ ಹೊರಡಿಸಲು ಗಂಟಲಿಗೆ ಕವಾಟ ಹಾಕಿಸಿಕೊಳ್ಳುವುದು ಇವೆಲ್ಲ ಕೆಲವರಿಗೆ ಕೂಡಿಬರುತ್ತಿತ್ತು. ಅವರ ಗಂಡನ ಗಂಟಲಿಗೆ ಕವಾಟ ಕೂರಲಿಲ್ಲ. ಯಂತ್ರವನ್ನು ಒಂದು ಸಲ ಕತ್ತಿಗೆ ಹಿಡಿದು, ಹೊರಟ ಸದ್ದು ಕೇಳಿ, ವಾಪಸ್ಸು ಕೊಟ್ಟುಬಿಟ್ಟಿದ್ದರು.

ಆ ಒಂದು ವಾರದ ಅವಕಾಶದಿಂದ ಆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದೇವನಹಳ್ಳಿ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು ಏಳು ಮೊಮ್ಮಕ್ಕಳನ್ನು ಊಟಕ್ಕೆ ಕರೆಯುವುದನ್ನು ತಮ್ಮ ದಖನಿ ಉರ್ದುವಿನಲ್ಲಿ ಮೊಬೈಲಿನಲ್ಲಿ ದಾಖಲಿಸಿಕೊಂಡರು, ಒಬ್ಬೊಬ್ಬರ ಹೆಸರೂ ಬೇರೆ ಬೇರೆ ರಾಗದಲ್ಲಿ. ಒಬ್ಬಾಕೆ ಮೂವತ್ತು ವರ್ಷ ಮಾತು ಬಿಟ್ಟಿದ್ದ ತಂಗಿಯ ಮನೆಗೆ ಹೋಗಿ ಬೈದು ಬಂದೆ, ಈಗ ಹಗುರಾಯಿತು ಅಂದರು. ಪತ್ರದಲ್ಲಿ ಹೊಗಳಿದ್ದು ಇವನ್ನೇ. ಇವು ನಿಜ.

ಪತ್ರದಲ್ಲಿ ಇಲ್ಲದವರೊಬ್ಬರಿದ್ದಾರೆ. ಜಡಿಗೇನಹಳ್ಳಿ ಕಡೆಯ ರೈತರು, ಗುಲಾಬಿ ಬೆಳೆಯುತ್ತಿದ್ದವರು. ಎತ್ತರದ ಆಳು, ಊರಿನ ಪಂಚಾಯ್ತಿಗಳಲ್ಲಿ ಅವರ ಮಾತಿಗೆ ತೂಕವಿತ್ತಂತೆ. ಅವರ ಮಗ ಬಂದು, ಹೇಳಬೇಡಿ ಎಂದು ಬೇಡಿಕೊಂಡ. ನಾನು ಈ ಸಲ ಬಗ್ಗಲಿಲ್ಲ. ಎದುರಿಗೆ ಕೂರಿಸಿಕೊಂಡು, ದನಿ ಪೂರ್ತಿ ಹೋಗುತ್ತದೆ, ಆದರೆ ಬದುಕುತ್ತೀರಿ ಎಂದು ಹೇಳಿದೆ. ಅವರು ಗೌರವದಿಂದಲೇ ಕೇಳಿಸಿಕೊಂಡು, ಹಾಗಾದರೆ ಬೇಡ ತಾಯಿ ಎಂದು ಎದ್ದರು. ನಾನು ಮೂರು ಸಲ ಅವರ ಮನೆಗೆ ಹೋದೆ. ಸರ್ಜನ್ ಒಂದು ಸಲ ಬಂದರು. ಅವರು ಎಳನೀರು ಕೊಟ್ಟು ಕಳುಹಿಸಿದರು. ಒಂದು ವರ್ಷ ತುಂಬುವುದರೊಳಗೆ ತೀರಿಕೊಂಡರು.

ತಿಥಿಯಾದ ಮೇಲೆ ಮಗ ಆಸ್ಪತ್ರೆಗೆ ಬಂದಿದ್ದ. ಯಾವುದೋ ಕಾಗದಕ್ಕೆ ಬಂದಿದ್ದವನು ನನ್ನನ್ನು ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತ. ಕೂಗಾಡಲಿಲ್ಲ.

“ನೀವು ಒಂದ್ ವಾರ ಬಾಯಿ ಮುಚ್ಕೊಂಡಿದ್ದಿದ್ರೆ ನಮ್ಮಪ್ಪ ಇರ್ತಿದ್ರು ಮೇಡಂ,” ಅಂದ.

 ಹೇಳದೆ ಒಬ್ಬರ ಮಾತು ಕಳೆದೆ. ಹೇಳಿ ಇನ್ನೊಬ್ಬರನ್ನು ಕಳೆದುಕೊಂಡೆ. ಎರಡನೆಯದರಲ್ಲಿ ನಾನು ಮಾಡಿದ್ದು ಸರಿ ಎಂದು ನನ್ನ ಓದು ಹೇಳುತ್ತದೆ. ಇವತ್ತಿಗೂ ಯಾರಿಗಾದರೂ ಹೇಳಲು ಕೂತಾಗ ಆ ಮಗನ ಮುಖ ಅಡ್ಡ ಬರುತ್ತದೆ. ಆದರೂ ಹೇಳುತ್ತೇನೆ.

ಹೀಗಿರುವಾಗ ಆ ಪತ್ರ ಬಂದದ್ದು. ನೇಕಾರರ ಮನೆಗೆ ಹೋಗಿ ಹೇಳದೆ ಸನ್ಮಾನಕ್ಕೆ ಹೋಗಬಾರದು ಅನ್ನಿಸಿತು. ಒಂದು ಭಾನುವಾರ ಹೋದೆ. ಅವರು ಹೊರಗಿನ ಜಗಲಿಯಲ್ಲಿ ಕೂತು ಲಾಳಿಗೆ ಹಾಕುವ ನೂಲನ್ನು ಸುತ್ತುತ್ತಿದ್ದರು. ಮಗ್ಗದ ಕೋಣೆಯ ಧೂಳು ಕತ್ತಿನ ತೂತಿಗೆ ಆಗುವುದಿಲ್ಲವಾದ್ದರಿಂದ ಅವರು ಒಳಗೆ ಹೋಗುವಂತಿಲ್ಲ. ಅವರ ಮಗ್ಗವನ್ನು ಈಗ ಬೇರೊಬ್ಬರು ನಡೆಸುತ್ತಾರೆ. ಬಿಳಿ ಬಟ್ಟೆಯನ್ನು ಕತ್ತಿಗೆ ಕಟ್ಟಿಕೊಂಡು, ಮುಖ ಬೀದಿಗೆ ಹಾಕಿ ಕೂರುತ್ತಾರೆ.

ಹೆಂಡತಿಗೆ ಎಲ್ಲ ಹೇಳಿದೆ. ಈ ಗೌರವದಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮದು, ನೀವಿಬ್ಬರೂ ಬರಬೇಕು, ಅಲ್ಲಿ ನಾನು ನಿಜ ಹೇಳುತ್ತೇನೆ ಅಂದೆ. ಅವರು ಗಂಡನ ಹತ್ತಿರ ಹೋಗಿ ಕೂತು ತುಟಿಯಲ್ಲೇ ತಿಳಿಸಿದರು. ಅಷ್ಟು ಹೊತ್ತಿಗೆ ನಾನೂ ಸ್ವಲ್ಪ ಕಲಿತಿದ್ದೆ, ಆದರೆ ಅವರು ನನಗೆ ಕಾಣದಂತೆ ಮುಖ ತಿರುಗಿಸಿಕೊಂಡು ಉತ್ತರ ಕೊಟ್ಟರು.

“ಅವ್ರು ಬರಲ್ವಂತೆ. ನಾನು ಹೋಗ್ಬಹುದಂತೆ. ಹೆಸರು ಮಾತ್ರ ಎಲ್ಲೂ ಹೇಳ್ಬಾರ್ದಂತೆ,” ಅಂದರು ಹೆಂಡತಿ.

ಮಗಳು ಮನೆಗೆ ಬರುತ್ತಾಳಾ ಎಂದು ಕೇಳಿದೆ. ಮಗು ಹುಟ್ಟಿದ ಮೇಲೆ ಬರುತ್ತಿದ್ದಾಳೆ, ಹೊಸಿಲು ದಾಟಿಸಿಕೊಂಡದ್ದು ಅವಳ ಅಪ್ಪನೇ ಅಂದರು. ಆದರೆ ಅಪ್ಪ ಮಗಳಿಗೆ ಮಾತು ಸಾಗುತ್ತಿಲ್ಲ. ಮಗಳು ಓದಲಿ, ಈ ಕಸುಬು ಬೇಡ ಎಂದು ಚಿಕ್ಕಂದಿನಿಂದ ಅವಳನ್ನು ಮಗ್ಗದ ಕೋಣೆಗೆ ಬಿಟ್ಟುಕೊಂಡಿರಲಿಲ್ಲ. ಹಾಗಾಗಿ ಬೀದಿಯ ಹುಡುಗಿಯರಿಗೆಲ್ಲ ಬರುವ ತುಟಿಯ ಮಾತು ಅವಳೊಬ್ಬಳಿಗೆ ಬರುವುದಿಲ್ಲ. ಎಲ್ಲದಕ್ಕೂ ಅಮ್ಮನೇ ನಡುವೆ ಬೇಕು. ಅಪ್ಪ ಹೇಳುವುದನ್ನೆಲ್ಲ ನಾನು ದಾಟಿಸುವುದಿಲ್ಲ ಎಂದು ಅವರೇ ಒಪ್ಪಿಕೊಂಡರು. ಅವರಿಗೆ ಕೆಲವು ಸಲ ಹಳೆಯ ಸಿಟ್ಟು ಬರುತ್ತದೆ, ಅದನ್ನು ಹೇಳಿ ಏನಾಗಬೇಕು ಅಂದರು. ಅದು ತಪ್ಪೆಂದು ಅನ್ನುವ ಜಾಗದಲ್ಲಿ ನಾನಿರಲಿಲ್ಲ.

ಸಮಾರಂಭ ನಡೆದದ್ದು ವಿಮಾನ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ. ಹೆಂಡತಿ ತಾವೇ ನೇಯ್ದ ನೇರಳೆ ಬಣ್ಣದ ಸೀರೆ ಉಟ್ಟು ಬಂದಿದ್ದರು. ಎರಡನೇ ಸಾಲಿನಲ್ಲಿ ಕೂರಿಸಿದೆ. ಎ.ಸಿ. ಹಾಕಿದ್ದ ಸಭಾಂಗಣ ತಣ್ಣಗಿತ್ತು, ಅವರು ಸೆರಗು ಹೊದ್ದುಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನು ಒರಗಿಸದೆ ಕೂತಿದ್ದರು. ನನಗೆ ಶಾಲು ಹೊದಿಸಿ, ಹಾರ ಹಾಕಿ, ಫಲಕ ಕೊಟ್ಟರು. ನನ್ನ ಬಗ್ಗೆ ಓದಿದ ಮಾತುಗಳಲ್ಲಿ ‘ಅಪಾರ ಸಂವೇದನೆ’ ಅನ್ನುವುದು ಎರಡು ಸಲ ಬಂತು. ನಾನು ಮೊದಲೇ ಬರೆದುಕೊಟ್ಟಿದ್ದರೂ ಅದರಲ್ಲಿ ನೇಕಾರ ಮಹಿಳೆಯ ವಿಷಯ ಬಿಟ್ಟುಹೋಗಿತ್ತು.

ನನ್ನ ಸರದಿ ಬಂದಾಗ ಚೀಟಿ ನೋಡದೆ ಮಾತಾಡಿದೆ. ಒಬ್ಬ ರೋಗಿಗೆ ಗೊತ್ತಿದ್ದೂ ನಿಜ ಹೇಳಲಿಲ್ಲ, ಅದರಿಂದ ಅವರು ಮಗಳ ಜೊತೆ ಆಡಬೇಕಿದ್ದ ಮಾತು ಶಾಶ್ವತವಾಗಿ ಉಳಿದುಹೋಯಿತು, ನೀವು ಹೊಗಳಿದ ಕೆಲಸ ಅಲ್ಲಿಂದ ಶುರುವಾದದ್ದು, ಮತ್ತು ಅದನ್ನು ಕಲಿಸಿದವರು ನಾನಲ್ಲ, ಎರಡನೇ ಸಾಲಿನಲ್ಲಿ ಕೂತಿದ್ದಾರೆ ಎಂದು ಹೇಳಿದೆ. ಗುಲಾಬಿ ಬೆಳೆಗಾರರ ಬಗ್ಗೆಯೂ ಹೇಳಬೇಕೆಂದಿದ್ದೆ, ಹೇಳದೆ ನಿಲ್ಲಿಸಿದೆ.  ಚಪ್ಪಾಳೆ ಶುರುವಾಯಿತು. ಮುಂದಿನ ಸಾಲಿನವರು ಎದ್ದು ನಿಂತರು. ಅಧ್ಯಕ್ಷರು ಮೈಕು ತೆಗೆದುಕೊಂಡು, ಇಂಥ ಪ್ರಾಮಾಣಿಕತೆಯೇ ಈ ಸೇವೆಯ ಜೀವಾಳ ಅಂದರು. ಇನ್ನೂ ಜೋರಾದ ಚಪ್ಪಾಳೆ. ತಪ್ಪೊಪ್ಪಿಗೆಯೂ ನನ್ನ ಸಾಧನೆಯ ಲೆಕ್ಕಕ್ಕೇ ಸೇರಿಬಿಟ್ಟಿತು. ಆಮೇಲೆ ಯಾರೋ ಹೆಂಡತಿಯವರನ್ನು ವೇದಿಕೆಗೆ ಕರೆದು ಇನ್ನೊಂದು ಶಾಲು ತರಿಸಿ ಹೊದಿಸಿದರು, ಫೋಟೋ ತೆಗೆದರು. ಅವರು ಕೈ ಮುಗಿದು ಇಳಿದುಬಂದರು.

ವಾಪಸ್ಸು ಕಾರಿನಲ್ಲಿ ಬರುವಾಗ ಅವರು ಬಹಳ ದೂರ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಊರು ಹತ್ತಿರವಾದ ಮೇಲೆ ಕೇಳಿದರು.

“ನೀವು ತಪ್ಪು ಮಾಡ್ದೆ ಅಂದಾಗ ಯಾಕ್ ಮೇಡಂ ಚಪ್ಪಾಳೆ ಹೊಡೆದ್ರು?”

“ಗೊತ್ತಿಲ್ಲ ಅಕ್ಕ,” ಅಂದೆ.

“ಇದನ್ನ ಅವ್ರಿಗೆ ಹೇಳಲ್ಲ ನಾನು,” ಅಂದರು. ಸ್ವಲ್ಪ ಹೊತ್ತಾದ ಮೇಲೆ, ನಾನು ಕೇಳದಿದ್ದರೂ, ಅವರು ನಿಮ್ಮನ್ನು ಕ್ಷಮಿಸಿದ್ದಾರೋ ಇಲ್ಲವೋ ನಾನು ಯಾವತ್ತೂ ಕೇಳಿಲ್ಲ ಮೇಡಂ, ನೀವೂ ಕೇಳಬೇಡಿ ಅಂದರು. ಅದರಲ್ಲಿ ಸಿಟ್ಟಿರಲಿಲ್ಲ. ನನ್ನ ಮೇಲಿನ ಕರುಣೆಯೇ ಇದ್ದಿರಬಹುದು.

ಅವರು ಈಗಲೂ ವಾರಕ್ಕೊಮ್ಮೆ ಆಸ್ಪತ್ರೆಗೆ ಬಂದು ಕಲಿಸುತ್ತಾರೆ. ನಾನು ಈಗಲೂ ಹೇಳುವ ಕೆಲಸ ಮಾಡುತ್ತೇನೆ. ಕೆಲವರು ಬೈಯುತ್ತಾರೆ, ಕೆಲವರು ಎದ್ದುಹೋಗುತ್ತಾರೆ, ಬಹಳ ಜನ ಅಳುತ್ತಾರೆ, ಆಮೇಲೆ ಫೋನು ತೆಗೆಯುತ್ತಾರೆ.

ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಮಗಳು ಬಂದಿದ್ದಳು. ಮಗುವನ್ನು ತಾಯಿಯ ಹತ್ತಿರ ಬಿಟ್ಟು, ಜಗಲಿಯಲ್ಲಿ ಅಪ್ಪನ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಬರುವ ಪ್ರತಿ ಸಲವೂ ಹೀಗೆ ಕೂರುತ್ತಾಳಂತೆ. ಅಮ್ಮ ನಡುವೆ ಬಾಯಿ ಹಾಕಬಾರದು ಎಂದು ಅವಳದೇ ಕಟ್ಟಪ್ಪಣೆ. ಒಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು. ಅಪ್ಪ ನೂಲು ಸುತ್ತುವುದನ್ನು ನಿಲ್ಲಿಸಿ ನಿಧಾನವಾಗಿ ಏನೋ ಹೇಳಿದರು. “ಊಟ?” ಅಂದಳು. ತಲೆ ಅಡ್ಡ ಆಡಿಸಿದರು. “ಊರಿಗೆ?” ಅಂದಳು. ಅದೂ ಅಲ್ಲ. ಮೂರನೇ ಸಲ ಇನ್ನೂ ನಿಧಾನವಾಗಿ, ಕೈಯೂ ಸೇರಿಸಿ ಹೇಳಿದರು. ಅವಳು ಮುಂದಕ್ಕೆ ಬಾಗಿ, ಕಣ್ಣು ಕಿರಿದಾಗಿಸಿ ನೋಡಿದಳು. ನಾನೂ ನೋಡಿದೆ. ನನಗೂ ತಿಳಿಯಲಿಲ್ಲ. ತಾಯಿಗೆ ತಿಳಿದಿತ್ತು, ಅವರು ಮಗುವಿನ ಕಡೆ ನೋಡುತ್ತಾ ಸುಮ್ಮನಿದ್ದರು.

ಅವರು ಇರಲಿ ಬಿಡು ಅನ್ನುವಂತೆ ಕೈಯಾಡಿಸಿ ನೂಲು ಎತ್ತಿಕೊಂಡರು. ಮಗಳು ಎದ್ದುಹೋಗಲಿಲ್ಲ. ಅವರು ಮತ್ತೆ ತಲೆಯೆತ್ತಲಿ ಎಂದು ಅಲ್ಲಿಯೇ ಕಾದು ಕೂತಳು.